ಹಲ್ಲಿನ ಕಲೆಗೆ ಮದ್ದು ಪಂಚಾಯ್ತಿಯಲ್ಲಿದೆ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ನೀರಿನ ವಿಷಯದಲ್ಲಿ ಅವುಗಳ ಹಣೆಬರಹ ಒಂದೇ ತೆರನಾಗಿಲ್ಲ. ನರಗುಂದದ ಎರೆ ಭೂಮಿಗೆ ಮಲಪ್ರಭೆಯ ಕಾಲುವೆ ಇದೆ. ರೋಣದ ಒಣ ಭಾಗದಲ್ಲಿ, ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಬಹುಕಾಲ ಬೋರಿನ ನೀರೇ ಗತಿಯಾಗಿತ್ತು, ಅದರಲ್ಲಿ ಹಲವು ಕಡೆ ಫ್ಲೋರೈಡ್ ಸೇರಿದೆ. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರು ಇಲ್ಲವೇ ಇಲ್ಲ ಎಂದಾದರೆ 1.5ರವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನದು ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಮಕ್ಕಳ ಮುಂಬಲ್ಲುಗಳ ಮೇಲೆ ಮೊದಲು ಸುಣ್ಣದಂಥ ಬಿಳಿ ಗೆರೆ, ಆಮೇಲೆ ಹಳದಿ, ಕಂದು ಪಟ್ಟಿ ಕಾಣಿಸುತ್ತವೆ. ದೊಡ್ಡವರಿಗೆ ಸೊಂಟ, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ಒಮ್ಮೆ ಕೆಟ್ಟ ಹಲ್ಲು, ಬಿಗಿದ ಮೂಳೆಯನ್ನು ಮೊದಲಿನಂತೆ ಮಾಡುವ ಗುಳಿಗೆ ಯಾವ ಆಸ್ಪತ್ರೆಯಲ್ಲೂ ಇಲ್ಲ. ಹಾಗಾಗಿ ಈ ಕಾಯಿಲೆಯ ಮಟ್ಟಿಗೆ ಆರೋಗ್ಯ ಇಲಾಖೆಯ ನಿಜವಾದ ಕೆಲಸ ನಡೆಯಬೇಕಾದದ್ದು ಪಂಚಾಯ್ತಿ ಕಟ್ಟೆಯಲ್ಲಿ.

ನೀರು ಕೊಡುವುದು ಪಂಚಾಯ್ತಿ ಕೆಲಸ, ಡಾಕ್ಟರು ರೋಗಿಯನ್ನು ನೋಡಿಕೊಂಡರೆ ಸಾಕು ಎಂಬ ಮಾತು ಕೇಳಿಬರುತ್ತದೆ. ಕಾಗದದ ಮೇಲೆ ಅದು ಸರಿ. 1993ರ ಪಂಚಾಯತ್ ರಾಜ್ ಕಾಯ್ದೆ ಕುಡಿಯುವ ನೀರನ್ನು ಗ್ರಾಮ ಪಂಚಾಯ್ತಿಯ ಹೊಣೆ ಮಾಡಿದೆ. ಆದರೆ ನಾರುಹುಣ್ಣು ಹೋದದ್ದು ಹೇಗೆಂದು ನೆನೆಯೋಣ. ಜನ ಮೆಟ್ಟಿಲಿಳಿದು ನೀರು ತುಂಬಿಕೊಳ್ಳುತ್ತಿದ್ದ ಬಾವಿಗಳಿಂದ ಹರಡುತ್ತಿದ್ದ ಆ ರೋಗಕ್ಕೆ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆ ಸುತ್ತಿ ರೋಗಿಗಳನ್ನು ಹುಡುಕಿದರು, ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದರು. ಇನ್ನೊಂದು ಕಡೆ ಮೆಟ್ಟಿಲು ಬಾವಿಗಳು ಸೇದುವ ಬಾವಿಗಳಾದವು, ಕೈಪಂಪುಗಳು ಬಂದವು. 1996ರ ನಂತರ ದೇಶದಲ್ಲಿ ಹೊಸ ರೋಗಿ ಕಾಣಲಿಲ್ಲ. 2000ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಎಂದು ಸಾರಿತು. ಎರಡು ಇಲಾಖೆ ಒಂದೇ ಪಟ್ಟಿ ಹಿಡಿದು ನಡೆದದ್ದರಿಂದ ಅದು ಸಾಧ್ಯವಾಯಿತು.

ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆಯಲ್ಲ, ಮಲಪ್ರಭೆಯ ನೀರು ತರುವ ಬಹುಗ್ರಾಮ ಯೋಜನೆಯೂ ಇದೆಯಲ್ಲ ಎಂದು ಕೇಳಬಹುದು. ಇವು ದೊಡ್ಡ ಕೆಲಸಗಳು, ಅನುಮಾನವಿಲ್ಲ. ಆದರೂ ಘಟಕದ ಮುಂದೆ ನಿಂತು ನೋಡಿದರೆ ಅಸಮಾನತೆ ಕಣ್ಣಿಗೆ ಹೊಡೆಯುತ್ತದೆ. ಬೈಕಿದ್ದವರು ಇಪ್ಪತ್ತು ಲೀಟರಿನ ಎರಡು ಕ್ಯಾನು ನೇತುಹಾಕಿಕೊಂಡು ಹೋಗುತ್ತಾರೆ. ಊರ ಹೊರಗಿನ ಕೇರಿಯ, ತಾಂಡಾದ ಹೆಣ್ಣುಮಗಳು ಕೂಲಿಗೆ ಹೋಗುವ ಮುಂಚೆ ಒಂದು ಕೊಡ ಹೊತ್ತು ತಂದರೆ ಅದೇ ಹೆಚ್ಚು. ಆ ನೀರು ಕುಡಿಯಲಷ್ಟೇ ಸಾಕಾಗುತ್ತದೆ. ಬೇಳೆ ಬೇಯುವುದು, ನುಚ್ಚು ಕುದಿಯುವುದು ಬೋರಿನ ನೀರಿನಲ್ಲೇ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಗಟ್ಟಿಯಾಗುತ್ತದೆ. ಜೊತೆಗೆ ಹಾಲು, ಸೊಪ್ಪು, ಹಣ್ಣು ಕಡಿಮೆ ತಿನ್ನುವ ದೇಹಕ್ಕೆ ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಸಾಲದೆ ಫ್ಲೋರೈಡ್ ಇನ್ನೂ ಹೆಚ್ಚು ಹಾನಿ ಮಾಡುತ್ತದೆ. ಒಂದೇ ಬೋರಿನ ನೀರು ಬಡವರ ಮನೆಯಲ್ಲಿ ಹೆಚ್ಚು ವಿಷವಾಗುವುದು ಹೀಗೆ.

ಹಾಗಾದರೆ ಮೊದಲು ಬಡತನ ಹೋಗಲಿ, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಏನು ಮಾಡೀತು ಎನ್ನುವವರಿದ್ದಾರೆ. ಬಡತನ ಹೋಗುವವರೆಗೆ ಮಕ್ಕಳ ಹಲ್ಲು ಕಾಯುವುದಿಲ್ಲ. ಶಾಶ್ವತ ಹಲ್ಲುಗಳಿಗೆ ಕಲೆ ಬೀಳುವುದು ಅವು ವಸಡಿನೊಳಗೆ ರೂಪುಗೊಳ್ಳುವಾಗ, ಹೆಚ್ಚುಕಡಿಮೆ ಎಂಟು ವರ್ಷದೊಳಗೆ. ಆದ್ದರಿಂದ ಶುದ್ಧ ನೀರು ಮೊದಲು ತಲುಪಬೇಕಾದದ್ದು ಅಂಗನವಾಡಿಯ, ಶಾಲೆಯ ಅಡುಗೆಮನೆಗೆ. ಕುಡಿಯಲು ಮಾತ್ರವಲ್ಲ, ಬೇಯಿಸಲೂ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಸಿಗುವ ಊಟ, ಹಾಲು, ಮೊಟ್ಟೆ ಈ ತಾಲ್ಲೂಕುಗಳಲ್ಲಿ ಫ್ಲೋರೈಡಿಗೂ ತಡೆ. ಇನ್ನು ರೋಗ ಪತ್ತೆಗೆ ದೊಡ್ಡ ಯಂತ್ರವೇ ಬೇಕೆಂದಿಲ್ಲ: ಮೊಣಕಾಲು ಮಡಚದೆ ಬಗ್ಗಿ ಪಾದ ಮುಟ್ಟುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈಯನ್ನು ತಲೆಯ ಹಿಂದಕ್ಕೆ ಒಯ್ಯುವುದು. ಈ ಮೂರನ್ನು ಮಾಡಲಾಗದವರನ್ನು ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲೇ ಗುರುತಿಸಿ ವೈದ್ಯರ ಬಳಿ ಕಳಿಸಬಹುದು. ಜಲಜೀವನ್ ಮಿಷನ್ನಿನಡಿ ನೀರು ಪರೀಕ್ಷಿಸಲು ಊರಿನ ಐವರು ಮಹಿಳೆಯರಿಗೆ ತರಬೇತಿ, ಕಿಟ್ ಕೊಡುವ ಏರ್ಪಾಡಿದೆ. ಆಶಾ ಕೈಲಿರುವ ರೋಗಿಗಳ ಪಟ್ಟಿ, ಈ ಮಹಿಳೆಯರ ಬಳಿಯ ಬೋರುಗಳ ಪಟ್ಟಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯಲ್ಲಿ ಒಟ್ಟಿಗೆ ಮುಂದಿಟ್ಟರೆ ಯಾವ ಕೇರಿಗೆ ನದಿ ನೀರಿನ ನಳ ಮೊದಲು ಹೋಗಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಆ ಪಟ್ಟಿ ಹಿಡಿದು ತಾಲ್ಲೂಕು ಆರೋಗ್ಯಾಧಿಕಾರಿ ಪಿಡಿಒ ಎದುರು ಕೂರಬೇಕು, ಎಂಜಿನಿಯರಿಗೆ ಬರೆಯಬೇಕು, ಕೆಲಸ ಆಗುವವರೆಗೆ ಬೆನ್ನು ಬಿಡಬಾರದು.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ಗಟಾರದ ಜೊತೆ ಇದನ್ನೂ ಕೇಳಿ: ನಮ್ಮೂರ ಅಂಗನವಾಡಿಯ ಅಡುಗೆಗೆ ಯಾವ ನೀರು ಬಳಸುತ್ತೀರಿ, ಅದನ್ನು ಕಡೆಯ ಬಾರಿ ಪರೀಕ್ಷೆ ಮಾಡಿದ್ದು ಯಾವಾಗ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.