ಮಸೂದೆ ಕಾಯ್ದೆಯಾಗುವ ದಾರಿ: ತರಗತಿಯಲ್ಲೇ ಮಾಡಿ ನೋಡಿ

‘ಮಸೂದೆ ಎರಡೂ ಸದನಗಳಲ್ಲಿ ಪಾಸಾಗಿ, ರಾಜ್ಯಪಾಲರ ಅಂಕಿತ ಬಿದ್ದರೆ ಕಾಯ್ದೆಯಾಗುತ್ತದೆ.’ ಪ್ರೌಢಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಸಾಲು ಇದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಮಸೂದೆ ಎಲ್ಲಿ ತಡೆದು ನಿಲ್ಲುತ್ತದೆ, ಯಾರು ಅದನ್ನು ವಾಪಸ್ ಕಳಿಸಬಹುದು ಎಂದು ಗೊತ್ತಾದರೇ ಪಾಠ ತಲೆಗೆ ಹತ್ತುವುದು. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಯಾವ ಶಾಲೆಯಲ್ಲಾದರೂ ಇದನ್ನು ಎರಡು ಪೀರಿಯಡ್‌ನಲ್ಲಿ ಮಾಡಿಸಬಹುದು.

ಮಸೂದೆ ಎಂದರೆ ಕಾನೂನಿನ ಕರಡು. ಸರ್ಕಾರಿ ಕಾಗದಗಳಲ್ಲಿ ಇದೇ ವಿಧೇಯಕ. ಸಾಮಾನ್ಯವಾಗಿ ಮಂತ್ರಿಗಳು ಮಂಡಿಸುತ್ತಾರೆ. ಮಂತ್ರಿಯಲ್ಲದ ಶಾಸಕರೂ ಖಾಸಗಿ ಮಸೂದೆ ತರಬಹುದು.

ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ಮೂವತ್ತು ಜನರನ್ನು ವಿಧಾನಸಭೆ ಮಾಡಿ, ಹತ್ತು ಜನರನ್ನು ವಿಧಾನ ಪರಿಷತ್ತು ಮಾಡಿ. ನಮ್ಮ ವಿಧಾನಸಭೆಯಲ್ಲಿ 224, ಪರಿಷತ್ತಿನಲ್ಲಿ 75 ಸ್ಥಾನಗಳಿರುವುದರಿಂದ ಪ್ರಮಾಣ ಹೆಚ್ಚೂಕಡಿಮೆ ಸರಿಹೋಗುತ್ತದೆ. ವಿಷಯ ಮಾತ್ರ ಊರಿನದೇ ಇರಲಿ. ನೀರು ಬೀಳದೆ ಬಿಟ್ಟ ಕೊಳವೆಬಾವಿಯ ಬಾಯಿ ಮುಚ್ಚಿಸುವ ಮಸೂದೆ ಇಟ್ಟುಕೊಳ್ಳಿ. ಈ ಸೀಮೆಯಲ್ಲಿ ಬೋರ್‌ವೆಲ್ ಗೊತ್ತಿಲ್ಲದ ಮಗು ಇಲ್ಲ.

ಮೊದಲ ಹಂತ ಮಂಡನೆ. ‘ಮಂತ್ರಿ’ ಎದ್ದುನಿಂತು ಮಸೂದೆಯ ಹೆಸರು, ಉದ್ದೇಶ ಹೇಳಿ ಕುಳಿತುಕೊಂಡರಾಯಿತು. ಇಲ್ಲಿ ಚರ್ಚೆ ಬೇಡ.

ಎರಡನೆಯದು ಪರ್ಯಾಲೋಚನೆ. ಹೆಚ್ಚು ಸಮಯ ಇದಕ್ಕೇ ಕೊಡಿ. ಮಸೂದೆಯ ಒಂದೊಂದು ಖಂಡವನ್ನೂ ಬೇರೆಬೇರೆಯಾಗಿ ಓದಿಸಿ. ಬಾವಿಯ ಬಾಯಿ ಮುಚ್ಚಬೇಕಾದವರು ಯಾರು? ಜಮೀನಿನವರೋ, ಕೊರೆದ ರಿಗ್ ಲಾರಿಯವರೋ? ಎಷ್ಟು ದಿನದೊಳಗೆ? ಮುಚ್ಚದಿದ್ದರೆ ಬರೀ ದಂಡವೋ, ಜೈಲೂ ಉಂಟೋ? ದಂಡ ಎಷ್ಟಿರಬೇಕು ಎನ್ನುವ ಹೊತ್ತಿಗೆ ರೈತರ ಮನೆಯ ಮಕ್ಕಳು ಸುಮ್ಮನಿರುವುದಿಲ್ಲ, ನೋಡಿ. ತಿದ್ದುಪಡಿ ಎಂದರೇನು ಎಂದು ನೀವು ಬೇರೆ ವಿವರಿಸಬೇಕಾಗಿಲ್ಲ. ‘ಐದು ಸಾವಿರ ತೆಗೆದು ಎರಡು ಸಾವಿರ ಮಾಡಿ’ ಎಂದು ಒಬ್ಬಳು ಹೇಳಿದಳೆಂದರೆ ಅದೇ ತಿದ್ದುಪಡಿ. ಒಮ್ಮತ ಬರದಿದ್ದರೆ ನಾಲ್ಕೈದು ಮಕ್ಕಳ ಸಮಿತಿಗೆ ಒಪ್ಪಿಸಿ. ಸದನದಲ್ಲೂ ಹೀಗೆಯೇ ಮಾಡುತ್ತಾರೆ. ಗ್ರೇಟರ್ ಬೆಂಗಳೂರು ಮಸೂದೆಯನ್ನು 2024ರಲ್ಲಿ ಜಂಟಿ ಸಮಿತಿಗೆ ಒಪ್ಪಿಸಿದ್ದರು.

ಮೂರನೆಯದು ಅಂಗೀಕಾರ. ಹೌದು ಎನ್ನುವವರು, ಇಲ್ಲ ಎನ್ನುವವರು ಕೂಗಿ ಹೇಳುವುದು ಧ್ವನಿಮತ. ಹಾಜರಿದ್ದು ಮತ ಹಾಕಿದವರಲ್ಲಿ ಬಹುಮತ ಬಂದರೆ ಸಾಕು.

ಆಮೇಲೆ ಮಸೂದೆ ಪರಿಷತ್ತಿಗೆ. ಪರಿಷತ್ತು ಬೇಡ ಎಂದರೆ? ಸಂವಿಧಾನದ 197ನೇ ವಿಧಿಯಂತೆ ಅದು ಮಸೂದೆಯನ್ನು ಮೂರು ತಿಂಗಳು ತಡೆಯಬಹುದು. ವಿಧಾನಸಭೆ ಮತ್ತೊಮ್ಮೆ ಪಾಸು ಮಾಡಿದರೆ ಇನ್ನೊಂದು ತಿಂಗಳು, ಅಷ್ಟೇ. ಹಣಕಾಸು ಮಸೂದೆಗೆ ಹದಿನಾಲ್ಕೇ ದಿನ. 2024ರ ಫೆಬ್ರವರಿಯಲ್ಲಿ ದೇವಸ್ಥಾನಗಳ ಆದಾಯದ ತಿದ್ದುಪಡಿ ಮಸೂದೆ ಪರಿಷತ್ತಿನಲ್ಲಿ ಬಿದ್ದುಹೋಯಿತು. ಅದೇ ತಿಂಗಳು ವಿಧಾನಸಭೆ ಅದನ್ನು ಮತ್ತೆ ಪಾಸು ಮಾಡಿತು.

‘ಹಾಗಾದರೆ ಪರಿಷತ್ತು ಯಾಕೆ ಸಾರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಿಬಿಡಬೇಡಿ, ವಾದ ಮಾಡಲಿ. ಪಾವಗಡದ ಗಡಿಯಾಚೆ ಆಂಧ್ರದಲ್ಲಿ 1985ರಲ್ಲಿ ಪರಿಷತ್ತನ್ನೇ ರದ್ದು ಮಾಡಿ 2007ರಲ್ಲಿ ಮತ್ತೆ ತಂದರು. ಇನ್ನೊಂದು ಮಾತು: ಪ್ರೌಢಶಾಲೆಯ ಶಿಕ್ಷಕರಿಗೆ ಪರಿಷತ್ತಿನಲ್ಲಿ ತಮ್ಮದೇ ಕ್ಷೇತ್ರವಿದೆ. ನಮಗೆ ಅದು ಆಗ್ನೇಯ ಶಿಕ್ಷಕರ ಕ್ಷೇತ್ರ. ಮೇಷ್ಟ್ರು ಪರಿಷತ್ತಿಗೆ ಓಟು ಹಾಕುತ್ತಾರೆ ಎಂದು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ.

ಮುಂದೆ ರಾಜ್ಯಪಾಲರು. ಅವರು ಅಂಕಿತ ಹಾಕಬಹುದು, ಅಂಕಿತ ತಡೆಹಿಡಿದು ಮರುಪರಿಶೀಲನೆಗೆ ವಾಪಸ್ ಕಳಿಸಬಹುದು, ರಾಷ್ಟ್ರಪತಿಗೆ ಕಾಯ್ದಿರಿಸಬಹುದು. ವಾಪಸ್ ಬಂದದ್ದನ್ನು ಸದನ ಮತ್ತೆ ಪಾಸು ಮಾಡಿದರೆ ಅಂಕಿತ ತಡೆಹಿಡಿಯುವಂತಿಲ್ಲ. ಹಣಕಾಸು ಮಸೂದೆಯನ್ನಂತೂ ವಾಪಸ್ ಕಳಿಸುವಂತೆಯೇ ಇಲ್ಲ.

ಇದಕ್ಕೆ ಸಂಘದ ಸಾಲದ ಉದಾಹರಣೆ ಕೊಡಿ. ವಾರದ ಕಂತಿನ ವಿಚಾರ ಎಷ್ಟೋ ಮಕ್ಕಳು ಮನೆಯಲ್ಲೇ ಕೇಳಿರುತ್ತಾರೆ. ಮೈಕ್ರೋಫೈನಾನ್ಸ್, ಅಂದರೆ ಕಿರುಸಾಲದ ವಸೂಲಿ ಕಿರುಕುಳ ತಡೆಯಲು ಸರ್ಕಾರ 2025ರ ಆರಂಭದಲ್ಲಿ ಸುಗ್ರೀವಾಜ್ಞೆ ಸಿದ್ಧಪಡಿಸಿತು. ಸದನ ನಡೆಯದಿರುವಾಗ ರಾಜ್ಯಪಾಲರ ಮೂಲಕ ತರುವ ತಾತ್ಕಾಲಿಕ ಕಾನೂನು ಅದು. ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಿತ್ತು. ಸಾಲಕ್ಕಿಂತ ದಂಡವೇ ಹೆಚ್ಚಾಯಿತಲ್ಲ ಎಂಬಂಥ ಆಕ್ಷೇಪದೊಡನೆ ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಮೊದಲು ವಾಪಸ್ ಕಳಿಸಿದರು. ಸರ್ಕಾರದ ಸ್ಪಷ್ಟನೆ ಬಂದ ಮೇಲೆ ಫೆಬ್ರವರಿ 12ರಂದು ಅಂಕಿತ ಬಿತ್ತು. ಆದರೆ ಸದನ ಸೇರಿದ ಆರು ವಾರಕ್ಕೆ ಸುಗ್ರೀವಾಜ್ಞೆಯ ಆಯಸ್ಸು ಮುಗಿಯುತ್ತದೆ. ಆದ್ದರಿಂದ ಮಾರ್ಚ್‌ನಲ್ಲಿ ಅದನ್ನೇ ಮಸೂದೆಯಾಗಿ ತಂದು ಪಾಸು ಮಾಡಿಸಿದರು.

ಅಂಕಿತ ಬಿದ್ದ ಕಾಯ್ದೆ ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಅಷ್ಟಾದರೂ ಜಾರಿಯ ದಿನ ಬೇರೆ ಇರಬಹುದು. ಮೌಢ್ಯ ನಿಷೇಧ ಕಾಯ್ದೆ 2017ರದು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಖರ್ಚು ಎಷ್ಟು? ತರಗತಿಯ ಚಟುವಟಿಕೆಗೆ ಕಾಗದ, ಪೆನ್ನು ಬಿಟ್ಟರೆ ಏನೂ ಇಲ್ಲ. ಕಾಯ್ದೆಗಳ ಪಠ್ಯ ಕನ್ನಡದಲ್ಲೇ ಬೇಕೆಂದರೆ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅಂತರ್ಜಲ ಕಾಯ್ದೆಯನ್ನು ಇಳಿಸಿಕೊಂಡು ಮಕ್ಕಳ ಮಸೂದೆಯ ಪಕ್ಕ ಇಟ್ಟು ಓದಿಸಿ. ಸರ್ಕಾರವೂ 2024ರಲ್ಲಿ ತೆರೆದ ಕೊಳವೆಬಾವಿಗಳ ಸಲುವಾಗಿ ಅದಕ್ಕೆ ತಿದ್ದುಪಡಿ ಮಸೂದೆ ತಂದಿತ್ತು. ಪ್ರೌಢಶಾಲೆಗಳ ಯುವ ಸಂಸತ್ತು ಸ್ಪರ್ಧೆ ಯಾವಾಗ ಎಂದು ನಿಮ್ಮ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಮಕ್ಕಳಿಗೆ ಕಲಾಪವನ್ನೇ ತೋರಿಸಬೇಕೆಂದಿದ್ದರೆ ಗ್ಯಾಲರಿಯ ಪಾಸಿಗೆ ನಿಮ್ಮ ಶಾಸಕರ ಕಚೇರಿಗೆ ಶಾಲೆಯಿಂದ ಪತ್ರ ಬರೆಯಿರಿ. ಚಳಿಗಾಲದ ಅಧಿವೇಶನ ಸಾಮಾನ್ಯವಾಗಿ ಬೆಳಗಾವಿಯಲ್ಲಿ ನಡೆಯುತ್ತದೆ. ಬಸ್ಸು ಗೊತ್ತು ಮಾಡುವ ಮೊದಲು ಅದನ್ನೊಮ್ಮೆ ಕೇಳಿಕೊಳ್ಳಿ.