ಅರ್ಧಾಣೆಯ ಅಂಚೆಯಲ್ಲಿ ಗಾಲಿಬನ ಬೈಠಕ್ಕು

1858ರ ಚಳಿಗಾಲದ ದಿಲ್ಲಿ. ಹಿಂದಿನ ವರ್ಷ ದಂಗೆ ಅಡಗಿಸಿದ ಇಂಗ್ಲಿಷರ ಸೈನ್ಯ ಊರನ್ನು ಸೂರೆ ಹೊಡೆದಾಗ ಪಟಿಯಾಲದ ಮಹಾರಾಜರ ಸಿಪಾಯಿಗಳು ಕಾವಲು ನಿಂತಿದ್ದರಿಂದ ಬಲ್ಲಿಮಾರಾನಿನ ಈ ಓಣಿ ಹೇಗೋ ಉಳಿದಿದೆ. ಓಣಿಯ ಒಂದು ಮನೆಯಲ್ಲಿ ಅರವತ್ತು ಮುಟ್ಟಿದ ಕವಿ ಮಿರ್ಜಾ ಗಾಲಿಬ್ ಕೂತಿದ್ದಾನೆ. ಪಿಂಚಣಿ ನಿಂತು ಹೋಗಿ ವರ್ಷ ದಾಟಿದೆ. ಮನೆಯ ಬಟ್ಟೆಬರೆ, ಹಾಸಿಗೆ ಮಾರಿ ಹೊಟ್ಟೆ ಹೊರೆದದ್ದಾಗಿದೆ. ಬುದ್ಧಿ ಸ್ವಾಧೀನದಲ್ಲಿಲ್ಲದ ತಮ್ಮ ಯೂಸುಫ್ ಆ ಗಲಭೆಯಲ್ಲೇ ತೀರಿಕೊಂಡ. ಸಂಜೆ ಹೊತ್ತು ಶೇರ್ ಓದಿದರೆ ತಲೆದೂಗುತ್ತಿದ್ದವರಲ್ಲಿ ಸಹಬಾಯಿ ಗುಂಡಿಗೆ ಬಲಿಯಾದ, ಶೇಫ್ತಾ ಸೆರೆಮನೆ ಕಂಡ. ಉಳಿದವರು ಪಾಣಿಪತ್ತಿಗೋ ಲೋಹಾರುವಿಗೋ ಚದುರಿದ್ದಾರೆ. ಬೈಠಕ್ಕಿನ ಬಾಗಿಲು ತಟ್ಟುವವನು ಈಗ ಅಂಚೆಯವನೊಬ್ಬನೇ.

ಆ ಡಿಸೆಂಬರಿನಲ್ಲಿ ತನ್ನ ಶಿಷ್ಯ, ಸಿಕಂದರಾಬಾದಿನ ಮುನ್ಷಿ ಹರಗೋಪಾಲ್ ತಫ್ತಾನಿಗೆ ಗಾಲಿಬ್ ಬರೆದ ಕಾಗದ ಓದಿದರೆ ಗಂಟಲು ಕಟ್ಟುತ್ತದೆ. ಈ ಒಂಟಿತನದಲ್ಲಿ ಕಾಗದಗಳನ್ನೇ ನಂಬಿ ಬದುಕಿದ್ದೇನೆ, ಯಾರ ಕಾಗದ ಬಂದರೆ ಅವರೇ ಬಂದರೆಂದು ತಿಳಿಯುತ್ತೇನೆ ಎನ್ನುತ್ತಾನೆ. ಬೆಳಿಗ್ಗೆ ಒಂದೆರಡು, ಸಂಜೆ ಒಂದೆರಡು ಬರುತ್ತವೆ, ಅವನ್ನು ಓದಿ ಉತ್ತರ ಬರೆಯುವುದರಲ್ಲೇ ದಿನ ಕಳೆಯುತ್ತದೆ. ಹತ್ತು ಹನ್ನೆರಡು ದಿನದಿಂದ ನಿನ್ನ ಸುದ್ದಿಯೇ ಇಲ್ಲವಲ್ಲ, ಕಾರಣವನ್ನಾದರೂ ಬರೆ. ಅರ್ಧಾಣೆ ಖರ್ಚಿಗೆ ಹಿಂದೆಮುಂದೆ ನೋಡುತ್ತಿದ್ದರೆ ಬೇರಿಂಗ್ ಮಾಡಿಯೇ ಕಳಿಸು!

ಬೇರಿಂಗ್ ಎಂದರೆ ದುಡ್ಡು ಕಾಗದ ಪಡೆದವನ ತಲೆಗೆ. ತಾನೇ ಕಾಸಿಗೆ ಕಾಸು ಕೂಡಿಸುತ್ತಿದ್ದ ದಿನಗಳಲ್ಲಿ ಗೆಳೆಯನ ಕಾಗದಕ್ಕೆ ತಾನೇ ದುಡ್ಡು ತೆರಲು ಸಿದ್ಧನಿದ್ದ. ಆ ಅರ್ಧಾಣೆಯೂ ಆಗ ಹೊಸತು. 1854ರ ಅಕ್ಟೋಬರಿನಲ್ಲಿ ಅಂಚೆಚೀಟಿ ಬಂದ ಮೇಲೆ ಕಾಲು ತೊಲದ ಕಾಗದ ದೇಶದ ಯಾವ ಮೂಲೆಗಾದರೂ ಒಂದೇ ದರದಲ್ಲಿ ಹೋಗತೊಡಗಿತ್ತು. ದೂರಕ್ಕೆ ತಕ್ಕಂತೆ ದುಡ್ಡು ಕೊಡಬೇಕಾಗಿದ್ದ ಹಳೆಯ ಪದ್ಧತಿಯೇ ಉಳಿದಿದ್ದರೆ ಈ ಸ್ನೇಹಗಳಲ್ಲಿ ಎಷ್ಟು ಬತ್ತಿ ಹೋಗುತ್ತಿದ್ದವೋ.

1858ರಲ್ಲೇ, ದಂಗೆಯ ದಿನಗಳ ಬಗ್ಗೆ ಗಾಲಿಬ್ ಬರೆದ ‘ದಸ್ತಂಬೂ’ ಆಗ್ರಾದಲ್ಲಿ ಅಚ್ಚಾಗುತ್ತಿತ್ತು. ಮುದ್ರಣಾಲಯ ಮುನ್ಷಿ ಶಿವನಾರಾಯಣ್ ಆರಾಮ್ ಅವರದು. ಕವಿ ದಿಲ್ಲಿಯಲ್ಲಿ, ಪುಸ್ತಕ ಆಗ್ರಾದಲ್ಲಿ, ಕರಡಿನ ಉಸ್ತುವಾರಿ ಗೆಳೆಯರ ಕೈಯಲ್ಲಿ. ಅರಬ್ಬಿ ಶಬ್ದ ಸುಳಿಯದ ಅಚ್ಚ ಫಾರಸಿಯಲ್ಲಿ ಬರೆಯುವುದು ಅವನ ಹಟ. ಹಾಗಿದ್ದೂ ಒಂದು ಅರಬ್ಬಿ ಶಬ್ದ ನುಸುಳಿಬಿಟ್ಟಿದೆ ಎಂದು ಹೊಳೆದದ್ದೇ ತಡ, ತಫ್ತಾನಿಗೆ ಕಾಗದ ಓಡಿತು: ಅದನ್ನು ಚಾಕುವಿನ ಮೊನೆಯಿಂದ ಕೆರೆದು ತೆಗೆಸು, ಅಲ್ಲಿ ಈ ಶಬ್ದ ಬರೆಸು. ಊರೇ ಹಾಳುಬಿದ್ದಿರುವಾಗ ಒಂದು ಶಬ್ದಕ್ಕಾಗಿ ಇಷ್ಟು ಪರದಾಡಿದ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ. ಶಿಷ್ಯರ ಗಜಲುಗಳೂ ಹೀಗೆಯೇ ಲಕೋಟೆಯಲ್ಲಿ ಬಂದು, ತಿದ್ದಿಸಿಕೊಂಡು, ಲಕೋಟೆಯಲ್ಲೇ ಮರಳುತ್ತಿದ್ದವು.

ಹಿಂದೆ ಅವನೂ ಫಾರಸಿಯಲ್ಲೇ ಕಾಗದ ಬರೆಯುತ್ತಿದ್ದವನು. ಆ ಒಕ್ಕಣೆಯ ಬಿಗುವು ಎಂಥದೆಂದರೆ, ನಮ್ಮ ಹಿರಿಯರ ಕಾಗದಗಳಲ್ಲಿ ‘ತೀರ್ಥರೂಪ ಸಮಾನರಾದ’ ಎಂದು ಹೊರಟ ಸಾಲು ಸಾಷ್ಟಾಂಗ ನಮಸ್ಕಾರ ದಾಟಿ ಉಭಯ ಕುಶಲಕ್ಕೆ ಬರುವಷ್ಟರಲ್ಲಿ ಅರ್ಧ ಹಾಳೆ ಮುಗಿದಂತೆ. ಉರ್ದುವಿಗೆ ಹೊರಳಿದ ಮೇಲೆ ಗಾಲಿಬ್ ಅದನ್ನೆಲ್ಲ ಕಿತ್ತೆಸೆದ. ‘ಭಾಯಿ’, ‘ಮಿಯಾ’ ಎಂದು ಕರೆದು ನೇರ ಮಾತಿಗೇ ಕೂರುತ್ತಾನೆ. ಪಾಣಿಪತ್ತಿನಲ್ಲಿದ್ದ ಮೀರ್ ಮೆಹದಿ ಮಜರೂಹನಿಗೆ ಬರೆದ ಒಂದು ಕಾಗದವಂತೂ ಥೇಟು ನಾಟಕದ ದೃಶ್ಯ. ಗೆಳೆಯ ಮೀರನ್ ಸಾಹೇಬರು ಎದುರಿಗೇ ಇದ್ದಾರೆ ಎಂಬಂತೆ ಸಲಾಮು, ಮರುಸಲಾಮು. ಮೆಹದಿಯ ಕಾಗದಕ್ಕೆ ಜವಾಬು ಬರೆಯಲು ಇವತ್ತಾದರೂ ಅಪ್ಪಣೆ ಉಂಟೇ ಎಂದು ಇವನು. ನಾನೆಲ್ಲಿ ಬೇಡ ಎಂದೆ ಎಂದು ಅವರು. ನಡುವೆ ಮೆಹದಿಗೆ ಜ್ವರ ಬಿಟ್ಟ ಸಮಾಚಾರ. ದೂರದಲ್ಲಿ ಕೂತು ಇದನ್ನು ಓದುವ ಮಜರೂಹನಿಗೆ ದಿಲ್ಲಿಯ ಹಜಾರದಲ್ಲಿ ತನ್ನ ಬಗ್ಗೆಯೇ ನಡೆದ ಮಾತು ಕಿವಿಗೆ ಬಿದ್ದಂತೆ ಆಗಿರಬೇಕು.

ಊರಿನ ಪಾಡನ್ನೂ ಅವನು ಇದೇ ದನಿಯಲ್ಲಿ ಹೇಳಿದ. ಜಾಮಾ ಮಸೀದಿಯ ಸುತ್ತ ಯಾವ ಮನೆಗಳನ್ನು ಕೆಡವಿದರು, ಎಲ್ಲಿಯ ಬಾವಿ ಮುಚ್ಚಿತು, ಯಾರಿಗೆ ಊರೊಳಗೆ ಬರಲು ಚೀಟಿ ಸಿಕ್ಕಿತು, ಎಲ್ಲವೂ ಇದೆ. ಮುಂದೊಂದು ಮಳೆಗಾಲದ ಕಾಗದದಲ್ಲಿ ಸೂರು ಜರಡಿಯಾಗಿದೆ. ಸೋರುವಲ್ಲೆಲ್ಲ ಪಾತ್ರೆ ಇಟ್ಟು, ಪುಸ್ತಕಗಳನ್ನೂ ಲೇಖನಿಯ ಪೆಟ್ಟಿಗೆಯನ್ನೂ ಒಳಕೋಣೆಗೆ ಸಾಗಿಸಿದ್ದಾನೆ.

ಈ ಕಾಗದಗಳನ್ನು ಅಚ್ಚು ಹಾಕೋಣವೇ ಎಂದು ತಫ್ತಾ ಮತ್ತು ಆರಾಮ್ 1858ರಲ್ಲೇ ಕೇಳಿದ್ದರು. ಗಾಲಿಬ್ ಒಪ್ಪಲಿಲ್ಲ. ಕೈಗೆ ಬಂದಂತೆ ಗೀಚಿದ್ದು, ನಮ್ಮ ನಮ್ಮಲ್ಲಿನ ಮಾತು, ಊರಿಗೆಲ್ಲ ಯಾಕೆ? ಮುಂದೆ ಮನಸ್ಸು ಮೆತ್ತಗಾಗಿ ಒಪ್ಪಿದ. ‘ಊದ್-ಎ-ಹಿಂದಿ’ 1868ರಲ್ಲಿ ಅವನ ಕಣ್ಣೆದುರೇ ಹೊರಬಂತು. ‘ಉರ್ದೂ-ಎ-ಮುಅಲ್ಲಾ’ ಬಂದದ್ದು 1869ರ ಮಾರ್ಚಿನಲ್ಲಿ. ಅವನು ಕಣ್ಣು ಮುಚ್ಚಿದ್ದು ಫೆಬ್ರುವರಿ 15ಕ್ಕೆ. ಫಾರಸಿ ಕಾವ್ಯವೇ ತನ್ನ ಹೆಸರನ್ನು ಉಳಿಸುತ್ತದೆಂದು ಅವನು ನಂಬಿದ್ದ. ಇವತ್ತು ಜನ ಎದೆಗವಚಿಕೊಂಡಿರುವುದು ಉರ್ದು ಗಜಲುಗಳನ್ನು ಮತ್ತು ಈ ಕಾಗದಗಳನ್ನು. ತಫ್ತಾ ಒಬ್ಬನಿಗೇ ಬರೆದವು ನೂರಕ್ಕೂ ಹೆಚ್ಚು ಸಿಕ್ಕಿವೆ. ಅವುಗಳಲ್ಲಿ ಪ್ರಾಸ ತಪ್ಪಿದ್ದಕ್ಕೆ ಗದರಿಕೆ ಇದೆ, ಹೊಗಳಿಕೆ ಇದೆ, ಕಾಗದ ತಡವಾದ ಮುನಿಸು ಮಾತ್ರ ಮತ್ತೆ ಮತ್ತೆ ಇದೆ.