ಮಾಳಿಗಿ ಮ್ಯಾಲಿನ ಮಣ್ಣು



ಮಿರಗದ ಮಳೆ ಬಂತು. ಹೊಲಕ್ಕೆ ಒಳ್ಳೆಯದು. ತೊಗರಿ ಬಿತ್ತಬಹುದು. ಆದರೆ ಮನೆಯೊಳಗೆ ನಮಗೆ ಬೇರೆ ಚಿಂತೆ. ಮಾಳಿಗಿ ಸೋರತದ. ಇಲ್ಲೊಂದು ಬೋಗುಣಿ ಇಡಬೇಕು. ಅಲ್ಲೊಂದು ಕೊಡ ಇಡಬೇಕು. ಜ್ವಾಳದ ಚೀಲ ಸರಿಸಬೇಕು. ಕೂಸನ್ನು ಎತ್ತಿ ಬೇರೆ ಕಡೆ ಮಲಗಿಸಬೇಕು. ರಾತ್ರಿಯೆಲ್ಲ ನಿದ್ದಿ ಇಲ್ಲ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಇನ್ನೂ ಇವೆ. ಕಲ್ಲಿನ ಗೋಡೆ. ಮೇಲೆ ತೊಲೆ ಮತ್ತು ಜಂತಿ. ಅದರ ಮೇಲೆ ಕಟ್ಟಿಗೆ. ಎಲ್ಲಕ್ಕೂ ಮೇಲೆ ಮಣ್ಣು. ಬೇಸಿಗೆಯಲ್ಲಿ ಈ ಮನೆ ತಂಪು. ಅದಕ್ಕೇ ಹಿರಿಯರು ಹೀಗೆ ಕಟ್ಟಿದರು.

ಮಾಳಿಗೆ ಸೋರಿದಾಗ ನಾವು ಏನು ಮಾಡುತ್ತೇವೆ?

“ವೈನಿ, ನಾಳಿ ನಾಕು ಬುಟ್ಟಿ ಮಣ್ಣು ಹಾಕೂಣ್ರಿ.”

“ಹೋದ ವರ್ಷನೂ ಹಾಕಿದ್ದಿವಲ್ಲವ್ವ. ಆದ್ರೂ ಸೋರಲತ್ತದ.”

“ಹಂಗಾರ ಈ ವರ್ಷ ಎಂಟು ಬುಟ್ಟಿ ಹಾಕೂಣ್ರಿ.”

ಪ್ರತಿ ಮನೆಯಲ್ಲೂ ಇದೇ ಮಾತು. ಹಳೆ ಮಣ್ಣಿನ ಮೇಲೆ ಹೊಸ ಮಣ್ಣು. ನಾವು ತಪ್ಪುವುದು ಇಲ್ಲಿಯೇ.

ಒಂದು ಇಂಚು ಮಣ್ಣು ಎಷ್ಟು ಭಾರ?

ಲೆಕ್ಕ ಮಾಡೋಣ. 10 ಅಡಿ ಉದ್ದ, 10 ಅಡಿ ಅಗಲದ ಒಂದು ಮಾಳಿಗೆ ಇದೆ ಅನ್ನಿ. ಅದರ ಮೇಲೆ 1 ಇಂಚು ಮಣ್ಣು ಹಾಕಿದೆವು. ಅದರ ತೂಕ ಸುಮಾರು 4 ಕ್ವಿಂಟಲ್. ಅಂದರೆ 50 ಕಿಲೋದ 8 ಚೀಲ. ಮಣ್ಣು 1 ಅಡಿ ದಪ್ಪ ಆದರೆ 48 ಕ್ವಿಂಟಲ್. ಮಳೆಯಲ್ಲಿ ನೆನೆದರೆ ಭಾರ ಇನ್ನೂ ಹೆಚ್ಚು. ಅದರ ಕೆಳಗೆ ನಾವು ಮಲಗುತ್ತೇವೆ. ನಮ್ಮ ಮಕ್ಕಳು ಮಲಗುತ್ತಾರೆ.

1993ರ ಸೆಪ್ಟೆಂಬರ್ 30. ನಸುಕಿನ 4 ಗಂಟೆಯ ಸುಮಾರು. ಆಳಂದದ ಉತ್ತರಕ್ಕೆ, ಉಮರ್ಗಾದ ಆಚೆ ಕಿಲ್ಲಾರಿಯಲ್ಲಿ ಭೂಕಂಪ ಆಯಿತು. ಜನ ಮಲಗಿದ್ದರು. ಅಲ್ಲಿಯೂ ಇಂಥವೇ ಮನೆಗಳು. ಕಲ್ಲಿನ ಗೋಡೆ, ಮೇಲೆ ದಪ್ಪ ಮಣ್ಣಿನ ಮಾಳಿಗೆ. ಗೋಡೆ ಬಿದ್ದವು. ಮಾಳಿಗೆಯ ಮಣ್ಣು ಜನರ ಮೇಲೆ ಕುಸಿಯಿತು. ಎಂಟು ಹತ್ತು ಸಾವಿರ ಜನ ಸತ್ತರು. ಭೂಮಿ ನಡುಗುವುದನ್ನು ನಾವು ತಡೆಯಲಾರೆವು. ಆದರೆ ಮಾಳಿಗೆಯ ಭಾರ ಇಳಿಸುವುದು ನಮ್ಮ ಕೈಯಲ್ಲಿದೆ.

ಮಣ್ಣು ಯಾಕೆ ಸೋರುತ್ತದೆ?

ನಮ್ಮ ಹೊಲದ ಎರೆ ಮಣ್ಣು ನೋಡಿ. ನೀರು ಕುಡಿದರೆ ಉಬ್ಬುತ್ತದೆ. ಒಣಗಿದರೆ ಬಿರಿಯುತ್ತದೆ. ಆ ಬಿರುಕಿನಲ್ಲಿ ನೀರು ಇಳಿಯುತ್ತದೆ. ಆದ್ದರಿಂದ ಎರೆ ಮಣ್ಣು ಮಾಳಿಗೆಗೆ ಬೇಡ. ಹಿರಿಯರು ಸವಳು ಮಣ್ಣು ಹುಡುಕಿ ತರುತ್ತಿದ್ದರು. ಅದು ನೆನೆದ ಕೂಡಲೆ ಮೆತ್ತಗಾಗಿ ಸಂದು ಮುಚ್ಚುತ್ತದೆ. ಆದರೆ ಮಳೆಗೆ ಕೊಚ್ಚಿ ಹೋಗುತ್ತದೆ. ಮತ್ತೆ ಮುಂದಿನ ವರ್ಷ ತರಬೇಕು.

ಇನ್ನೊಂದು ಕಾರಣ, ನೀರು ನಿಲ್ಲುವುದು. ಮಾಳಿಗೆಯ ಮೇಲೆ ತಗ್ಗು ಇದ್ದರೆ ಅಲ್ಲಿ ನೀರು ನಿಲ್ಲುತ್ತದೆ. ನಿಂತ ನೀರು ಒಳಗೆ ಇಳಿಯುತ್ತದೆ. ಓಡುವ ನೀರು ಇಳಿಯುವುದಿಲ್ಲ.

ಈ ಮಾತು ನೆನಪಿಡೋಣ: ನೀರು ತಡೆಯುವುದು ದಪ್ಪ ಮಣ್ಣಲ್ಲ. ಒಳ್ಳೆಯ ಇಳಿಜಾರು ಮತ್ತು ತೆಳುವಾದ ಲೇಪ.

ಮೊದಲು ಇಳಿಜಾರು

ಈ ಕೆಲಸ ಬೇಸಿಗೆಯಲ್ಲೇ ಆಗಬೇಕು. ಮೊದಲು ಜಂತಿ, ತೊಲೆ ನೋಡಬೇಕು. ಗೆದ್ದಲು ಹಿಡಿದಿದೆಯೇ? ಮುರಿದಿದೆಯೇ? ಹಾಗಿದ್ದರೆ ಮೇಲೆ ಹತ್ತಬಾರದು. ಬಡಿಗನನ್ನು ಕರೆಯಬೇಕು.

ಜಂತಿ ಗಟ್ಟಿ ಇದ್ದರೆ ಹೆಚ್ಚಾದ ಹಳೆ ಮಣ್ಣು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಇಳಿಸೋಣ. ಒಂದೇ ಕಡೆ ಗುಂಪಿ ಹಾಕಬಾರದು. ಮೇಲೆ ಬಹಳ ಜನ ನಿಲ್ಲಬಾರದು. ಉಳಿದ ಮಣ್ಣನ್ನು ಬಡಿದು ಗಟ್ಟಿ ಮಾಡೋಣ. 10 ಅಡಿಗೆ 3 ಇಂಚು ಇಳಿಜಾರು ಇರಲಿ. ನೀರು ಹೊರಗೆ ಬೀಳುವ ದೋಣಿ ಗೋಡೆಯಿಂದ ಮುಂದಕ್ಕೆ ಚಾಚಿರಲಿ. ಇಲ್ಲದಿದ್ದರೆ ನೀರು ಗೋಡೆ ತಿನ್ನುತ್ತದೆ.

ಲೇಪ ಮಾಡುವುದು ಹೇಗೆ?

ಐ.ಎಸ್.ಐ. ಗುರುತು ನಾವು ನೋಡಿದ್ದೇವೆ. ಸಿಮೆಂಟಿನ ಚೀಲದ ಮೇಲೆ ಇರುತ್ತದೆ. ಆ ಗುರುತು ಕೊಡುವ ಸಂಸ್ಥೆ 1993ರಲ್ಲಿ ಮಣ್ಣಿನ ಮನೆಗಳಿಗಾಗಿ ಒಂದು ಪುಸ್ತಕ ಹೊರಡಿಸಿತು. ಮಣ್ಣಿಗೆ ನೀರು ಹಿಡಿಯದ ಹಾಗೆ ಮಾಡುವ ಲೇಪ ಅದರಲ್ಲಿ ಇದೆ.

ಮೊದಲು ಮಣ್ಣು. ಮರಳು ಬೆರೆತ ಮಣ್ಣು ತರೋಣ. ನೀರು ಹಾಕಿ ಒಂದು ರೊಟ್ಟಿಯಷ್ಟು ತಟ್ಟಿ ಒಣಗಿಸಿ ನೋಡೋಣ. ಬಿರುಕು ಬಿಟ್ಟರೆ ಇನ್ನಷ್ಟು ಮರಳು ಬೆರೆಸೋಣ. ಇದಕ್ಕೆ ಸಣ್ಣ ಹೊಟ್ಟು ಸೇರಿಸಿ, ನೀರು ಹಾಕಿ ಒಂದು ವಾರ ಕೊಳೆಯಲು ಬಿಡೋಣ. ದಿನಾಲೂ ತುಳಿಯಬೇಕು.

ಆಮೇಲೆ ಡಾಂಬರು. ರಸ್ತೆಗೆ ಹಾಕುವ ಡಾಂಬರೇ ಇದು. 30 ಲೀಟರ್ ಕಲಸಿದ ಮಣ್ಣಿಗೆ ಬೇಕಾದದ್ದು:

ಡಾಂಬರು – ಒಂದೂವರೆ ಕಿಲೋ

ಮೇಣದ ಬತ್ತಿಯ ಮೇಣ – 15 ಗ್ರಾಂ

ಸೀಮೆಎಣ್ಣೆ – 300 ಮಿಲಿ ಲೀಟರ್

ಡಾಂಬರು ಮತ್ತು ಮೇಣ ಎರಡನ್ನೂ ಕೂಡಿ ಕಾಯಿಸಿ ಕರಗಿಸಬೇಕು. ಪಾತ್ರೆಯನ್ನು ಒಲೆಯಿಂದ ಇಳಿಸಿ ಬೆಂಕಿಯಿಂದ ದೂರ ಒಯ್ಯಬೇಕು. ಅಲ್ಲಿ ಸೀಮೆಎಣ್ಣೆ ಇರುವ ಡಬ್ಬಿಗೆ ಈ ಡಾಂಬರನ್ನು ನಿಧಾನ ಸುರಿಯಬೇಕು. ಸುರಿಯುತ್ತಾ ಉದ್ದ ಕೋಲಿನಿಂದ ತಿರುವಬೇಕು. ನಂತರ ಇದನ್ನು ಮಣ್ಣಿಗೆ ಹಾಕಿ ಚೆನ್ನಾಗಿ ಕಲಸಬೇಕು.

ಮಾಳಿಗೆಗೆ ಸ್ವಲ್ಪ ನೀರು ಚಿಮುಕಿಸಿ ಈ ಮಣ್ಣನ್ನು ಕಿರುಬೆರಳಿನ ದಪ್ಪ ಮೆತ್ತಬೇಕು. 10 ಅಡಿಗೆ 10 ಅಡಿ ಮಾಳಿಗೆಗೆ ಇಂಥ 3 ಪಾಲು ಬೇಕಾಗುತ್ತದೆ. ಕುಂಬಿ ಮತ್ತು ಮಾಳಿಗೆ ಕೂಡುವ ಮೂಲೆ ಬಿಡಬಾರದು. ಒಣಗಿದ ಮೇಲೆ ಬಿರುಕು ಕಂಡರೆ ಸಗಣಿ, ಮಣ್ಣು, ಸ್ವಲ್ಪ ಇದೇ ಡಾಂಬರು ಕಲಸಿ ಸಾರಿಸಬೇಕು. ಇದರ ಭಾರ ಒಂದೂವರೆ ಕ್ವಿಂಟಲ್ ಮಾತ್ರ. 3 ಇಂಚು ಹಳೆ ಮಣ್ಣು ಇಳಿಸಿದ್ದರೆ 12 ಕ್ವಿಂಟಲ್ ಭಾರ ಕಡಿಮೆ ಆಗಿರುತ್ತದೆ.

ಎಚ್ಚರ! ಎಚ್ಚರ!

ಈ ಕೆಲಸ ಮನೆಯೊಳಗೆ ಮಾಡಬಾರದು. ಬಯಲಲ್ಲಿ ಮಾಡಬೇಕು. ಡಾಂಬರು ಕಾಯಿಸಿ ಗೊತ್ತಿದ್ದ ಗೌಂಡಿ ಜೊತೆಗೆ ಇರಲಿ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಒಲೆಯ ಮೇಲಿನ ಡಾಂಬರಿಗೆ ಸೀಮೆಎಣ್ಣೆ ಎಂದೂ ಹಾಕಬಾರದು. ಭಗ್ಗನೆ ಬೆಂಕಿ ಹತ್ತುತ್ತದೆ. ಪೆಟ್ರೋಲು ಬೇಡವೇ ಬೇಡ. ಕಾದ ಡಾಂಬರಿಗೆ ನೀರು ಬೀಳಬಾರದು. ಸಿಡಿಯುತ್ತದೆ. ಸೆರಗು ಬಿಗಿಯಾಗಿ ಸಿಕ್ಕಿಸಬೇಕು. ಮಕ್ಕಳು ಹತ್ತಿರ ಬರಬಾರದು.

ಮೈಮೇಲೆ ಡಾಂಬರು ಬಿದ್ದರೆ ಕೀಳಬಾರದು. 20 ನಿಮಿಷ ತಣ್ಣೀರು ಸುರಿಯಬೇಕು. ಕೂಡಲೆ ದವಾಖಾನೆಗೆ ಹೋಗಬೇಕು.

ಸೀಮೆಎಣ್ಣೆ ಈಗ ಸುಲಭವಾಗಿ ಸಿಗುವುದಿಲ್ಲ. ಡಾಂಬರಿನ ಲೇಪ ಆಗದಿದ್ದರೂ ಭಾರ ಇಳಿಸಿ ಇಳಿಜಾರು ಮಾಡಿ, ಹೊಟ್ಟು ಕಲಸಿದ ಮಣ್ಣಿನಿಂದ ತೆಳುವಾಗಿ ಮೆತ್ತೋಣ. ಅದನ್ನು ವರ್ಷಕ್ಕೊಮ್ಮೆ ಸಾರಿಸಬೇಕು. ಅಷ್ಟು ಮಾಡಿದರೂ ಲಾಭವೇ.

ಫರ್ಸಿ ಮತ್ತು ಸ್ಲ್ಯಾಬಿನ ಮನೆ

ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರಲ್ಲಿ ಕಟ್ಟಿದ್ದು. ಅದರ ಮೇಲೆಲ್ಲ ಗುಮ್ಮಟಗಳು. ನೀರು ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಆ ಕಾಲದಲ್ಲಿ ಸಿಮೆಂಟು ಇರಲಿಲ್ಲ. ಸುಣ್ಣದ ಗಚ್ಚು ಇತ್ತು. ಸುಟ್ಟ ಇಟ್ಟಿಗೆಯ ಪುಡಿ ಸುಣ್ಣಕ್ಕೆ ಬೆರೆತರೆ ನೀರಿಗೂ ಗಟ್ಟಿಯಾಗಿ ನಿಲ್ಲುತ್ತದೆ. ಶಹಾಬಾದ ಫರ್ಸಿ ಹೊದಿಸಿದ ಮಾಳಿಗೆಯಲ್ಲಿ ಕಲ್ಲು ಸೋರುವುದಿಲ್ಲ, ಸಂದು ಸೋರುತ್ತದೆ. ಸಂದು ಕೆದರಿ, ತೊಳೆದು, ಈ ಗಚ್ಚು ತುಂಬಿಸಬಹುದು. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕುದಿಯುತ್ತದೆ. ಕಣ್ಣು ಜೋಪಾನ.

ಸ್ಲ್ಯಾಬ್ ಬಿರುಕು ಬಿಟ್ಟರೆ ಬಿರುಕನ್ನು ಕೆದರಿ ತೊಳೆಯಬೇಕು. ಸಿಮೆಂಟು ಮರಳು ತುಂಬಬೇಕು. ಆಮೇಲೆ ನೀರು ತಡೆಯುವ ದ್ರಾವಣ ಬೆರೆಸಿದ ಸಿಮೆಂಟಿನ ಹಾಲು ಬಳಿಯಬೇಕು. ದ್ರಾವಣದ ಡಬ್ಬಿಯ ಮೇಲೆ ಅಳತೆ ಬರೆದಿರುತ್ತದೆ. ಒಂದು ವಾರ ನೀರು ಹೊಡೆಯಬೇಕು. ಸ್ಲ್ಯಾಬಿನ ಮೇಲೆ ಮಣ್ಣು ಹೇರಬಾರದು.

ನಾವು ಈಗ ಓದಬಲ್ಲೆವು

ಡಬ್ಬಿಯ ಮೇಲಿನ ಅಳತೆ ನಾವೇ ಓದಬಹುದು. ಮಣ್ಣಿನ ಭಾರ ನಾವೇ ಲೆಕ್ಕ ಹಾಕಬಹುದು. ಬುಟ್ಟಿ ಹೊರುವವರು ನಾವು. ಸಾರಿಸುವವರು ನಾವು. ಹಾಗಾದರೆ ಎಷ್ಟು ಮಣ್ಣು ಹಾಕಬೇಕು ಎಂದು ಹೇಳುವವರೂ ನಾವೇ ಆಗಬೇಕು.

ಗೋಡೆ ಉಬ್ಬಿದ್ದರೆ, ಜಂತಿ ಬಾಗಿದ್ದರೆ ಮಳೆಗಾಲದಲ್ಲಿ ಆ ಕೋಣೆಯಲ್ಲಿ ಮಲಗುವುದು ಬೇಡ. ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಯೋಣ. ಕೆಳಗೆ ನಮ್ಮ ಸಹಿ ಹಾಕೋಣ.

ಇಂದು ಮನೆಗೆ ಹೋಗಿ ಮಾಳಿಗೆಯ ಮಣ್ಣು ಅಳೆಯಿರಿ. ಎಷ್ಟು ಇಂಚು ಇದೆ? ಎಷ್ಟು ಕ್ವಿಂಟಲ್ ಆಯಿತು? ನಿಮ್ಮ ಪಾಟಿಯ ಮೇಲೆ ಬರೆಯಿರಿ. ನಾಳೆ ಎಲ್ಲರೂ ಕೂಡಿ ಮಾತಾಡೋಣ.